ಸ್ನಾನದ ಬಿಸಿನೀರು, ಏರುವ ಬಿಲ್: ಗೀಸರ್, ಸೋಲಾರ್, ಬಾಯ್ಲರ್ ನಿರ್ವಹಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಮನೆ ಬೆಚ್ಚಗಿಡಲು ಬಾಯ್ಲರ್ ಬೇಕಿಲ್ಲ. ಸ್ನಾನಕ್ಕೆ ಬಿಸಿನೀರು ಮಾತ್ರ ಬೇಕೇ ಬೇಕು. ಅದಕ್ಕೆ ಊರುಗಳಲ್ಲಿ ಕರೆಂಟ್ ಗೀಸರ್, ಮಹಡಿ ಮೇಲೆ ಸೋಲಾರ್, ಕೆಲವರಲ್ಲಿ ಗ್ಯಾಸ್ ಗೀಸರ್. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಬಚ್ಚಲೊಲೆ, ಹಂಡೆ, ತಾಮ್ರದ ಬಾಯ್ಲರ್. ಫ್ರಿಜ್ ಕೆಟ್ಟರೆ ಅದೇ ದಿನ ಗೊತ್ತಾಗುತ್ತದೆ. ನೀರು ಕಾಯಿಸುವ ಸಾಧನ ಅರ್ಧ ಕೆಟ್ಟಿದ್ದರೂ ಬಿಸಿನೀರು ಕೊಡುತ್ತಲೇ ಇರುತ್ತದೆ, ಖರ್ಚು ಸದ್ದಿಲ್ಲದೆ ಏರುತ್ತದೆ. ಈ ಬಗ್ಗೆ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸ್ನಾನದ ನೀರಿಗೆ ನಿಜಕ್ಕೂ ಎಷ್ಟು ಕರೆಂಟ್ ಹೋಗುತ್ತದೆ?

ಈ ಲೆಕ್ಕ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಒಂದು ಯೂನಿಟ್ ಕರೆಂಟ್ 25 ಲೀಟರ್ ನೀರಿನ ಬಿಸಿಯನ್ನು ಸುಮಾರು 34 ಡಿಗ್ರಿ ಏರಿಸುತ್ತದೆ. ಯಾವ ಕಂಪನಿಯ ಗೀಸರ್ ಆದರೂ ಇದಕ್ಕಿಂತ ಹೆಚ್ಚು ಬಿಸಿ ಕೊಡಲಾರದು. ಟ್ಯಾಂಕಿನ ನೀರು 22 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿ ಬೇಕು ಎಂದುಕೊಳ್ಳಿ. 20 ಲೀಟರಿನ ಒಂದು ಬಕೆಟ್‌ಗೆ 0.42 ಯೂನಿಟ್ ಬೇಕು. ಮನೆಯಲ್ಲಿ ನಾಲ್ಕು ಜನ ಒಂದೊಂದು ಬಕೆಟ್ ಸ್ನಾನ ಮಾಡಿದರೆ ತಿಂಗಳಿಗೆ 50 ಯೂನಿಟ್.

ಈಗ ಶವರ್ ಲೆಕ್ಕ ನೋಡಿ. ನಿಮಿಷಕ್ಕೆ 8 ಲೀಟರ್ ಬರುವ ಶವರಿನಡಿ ಹತ್ತು ನಿಮಿಷ ನಿಂತರೆ 80 ಲೀಟರ್ ಆಯಿತು, 1.7 ಯೂನಿಟ್ ಹೋಯಿತು. ನಾಲ್ವರೂ ಹೀಗೇ ಮಾಡಿದರೆ ತಿಂಗಳಿಗೆ 200 ಯೂನಿಟ್. ನಿರ್ವಹಣೆ ಎಷ್ಟೇ ಚೆನ್ನಾಗಿ ಮಾಡಿದರೂ ಇದನ್ನು ತಗ್ಗಿಸಲು ಆಗುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ. ನಿರ್ವಹಣೆ ಉಳಿಸಿಕೊಡುವುದು ಕಾಯಿಸಿದ ಮೇಲೆ ಪೋಲಾಗುವ ಬಿಸಿಯನ್ನು, ಸುಮ್ನೆ ಸುಡುವ ಇಂಧನವನ್ನು, ಮತ್ತು ಸಾಧನದ ಆಯುಸ್ಸನ್ನು.

ಗೃಹಜ್ಯೋತಿ ಇದೆಯಲ್ಲ, ಮತ್ತೇಕೆ ಚಿಂತೆ?

ಗೃಹಜ್ಯೋತಿ 2023ರಲ್ಲಿ ಶುರುವಾಯಿತು. ಆದರೆ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದು ಅದರ ಅರ್ಥವಲ್ಲ. ಯೋಜನೆ ಶುರುವಾಗುವ ಹಿಂದಿನ ವರ್ಷ ನೀವು ಸರಾಸರಿ ಎಷ್ಟು ಬಳಸಿದ್ದಿರಿ ಎಂಬುದರ ಮೇಲೆ ನಿಮ್ಮ ಉಚಿತ ಪಾಲು ನಿಗದಿಯಾಗುತ್ತದೆ. ಪಾಲು ಮೀರಿದರೆ ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ 170 ಯೂನಿಟ್ ಒಳಗಿರುವ ಮನೆ ಡಿಸೆಂಬರ್, ಜನವರಿಯಲ್ಲಿ 200 ದಾಟುವುದು ಬಹಳ ಸಲ ಬಿಸಿನೀರಿನ ಕಾರಣಕ್ಕೆ. ಗಡಿಯ ಹತ್ತಿರ ಇರುವ ಮನೆಗಳಿಗೆ ಹತ್ತಿಪ್ಪತ್ತು ಯೂನಿಟ್ ಉಳಿತಾಯವೂ ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯದು. ಹಾಗಾಗಿ ಚಳಿ ಶುರುವಾಗುವ ಮುಂಚೆ, ಅಕ್ಟೋಬರ್ ಹೊತ್ತಿಗೆ, ಗೀಸರ್ ಮತ್ತು ಸೋಲಾರ್ ಎರಡನ್ನೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ಗೀಸರ್ ಕಾಯಿಲ್ ಮೇಲೆ ಉಪ್ಪು ಕಟ್ಟಿದರೆ ಕರೆಂಟ್ ಜಾಸ್ತಿ ಎಳೆಯುತ್ತದಂತೆ, ಹೌದಾ?

ಎಲ್ಲರೂ ಹಾಗೆ ಹೇಳುತ್ತಾರೆ, ಆದರೆ ಪೂರ್ತಿ ನಿಜವಲ್ಲ. ಕರೆಂಟ್ ಗೀಸರಿನಲ್ಲಿ ಕಾಯಿಲ್ ನೀರಿನೊಳಗೇ ಮುಳುಗಿರುತ್ತದೆ. ಅದರಿಂದ ಹೊರಟ ಬಿಸಿ ನೀರಿಗೆ ಬಿಟ್ಟು ಬೇರೆಲ್ಲಿಗೂ ಹೋಗುವಂತಿಲ್ಲ. ಪದರ ಕಟ್ಟಿದ್ದರೂ ಆ ಬಿಸಿ ಕೊನೆಗೆ ನೀರಿಗೇ ಸೇರುತ್ತದೆ. ಹಾಗಾಗಿ ಉಪ್ಪು ಕಟ್ಟಿದ್ದಕ್ಕೇ ಬಿಲ್ ದುಪ್ಪಟ್ಟಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಷ್ಟ ಆಗುವುದು ಬೇರೆ ದಾರಿಯಲ್ಲಿ. ಪದರದೊಳಗೆ ಸಿಕ್ಕಿಕೊಂಡ ಕಾಯಿಲ್ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡಲಾರದೆ ಅಳತೆ ಮೀರಿ ಕಾಯುತ್ತದೆ, ಒಂದು ದಿನ ಸುಟ್ಟು ಹೋಗುತ್ತದೆ. ನೀರಿನ ಬಿಸಿ ನೋಡಿ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಕೂರುವ ಕೊಳವೆಯ ಮೇಲೂ ಇದೇ ಉಪ್ಪು ಕೂರುತ್ತದೆ. ಆಗ ಥರ್ಮೋಸ್ಟಾಟ್‌ಗೆ ನೀರಿನ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ನೀರು ಕಾಯುವ ಮುಂಚೆಯೇ ಲೈಟ್ ಆಫ್ ಆಗುತ್ತದೆ. ನೀರು ಸಾಕಷ್ಟು ಬಿಸಿ ಬರುತ್ತಿಲ್ಲ ಎಂದು ನಾವು ತಿರುಗಣೆಯನ್ನು ಜಾಸ್ತಿಗೆ ತಿರುಗಿಸುತ್ತೇವೆ, ಇಲ್ಲವೇ ಸ್ವಿಚ್ ಹಾಕಿಟ್ಟು ಗಂಟೆಗಟ್ಟಲೆ ಬಿಡುತ್ತೇವೆ. ಬಿಲ್ ಏರುವುದು ಅಲ್ಲಿ. ಜೊತೆಗೆ ತಳದಲ್ಲಿ ಸುಣ್ಣದ ಚೂರುಗಳು ಗುಡ್ಡೆಯಾದರೆ 25 ಲೀಟರಿನ ಗೀಸರಿನಲ್ಲಿ 25 ಲೀಟರ್ ನೀರು ಹಿಡಿಯುವುದೂ ಇಲ್ಲ.

ಗ್ಯಾಸ್ ಗೀಸರ್ ಮತ್ತು ಸೌದೆ ಬಾಯ್ಲರ್ ವಿಷಯವೇ ಬೇರೆ. ಅವುಗಳಲ್ಲಿ ಬೆಂಕಿ ಒಂದು ಕಡೆ, ನೀರು ಇನ್ನೊಂದು ಕಡೆ. ನಡುವೆ ಪದರ ಕಟ್ಟಿದರೆ ಬಿಸಿ ಹೊಗೆಯ ಜೊತೆ ನೇರ ಹೊರಗೆ ಹೋಗುತ್ತದೆ. ಅಲ್ಲಿ ಉಪ್ಪು, ಮಸಿ ಎರಡೂ ಇಂಧನ ತಿನ್ನುತ್ತವೆ.

ನಮ್ಮ ಮನೆ ನೀರು ಗಡಸೋ ಅಲ್ಲವೋ ತಿಳಿಯುವುದು ಹೇಗೆ?

ಸೋಪು ನೊರೆ ಬರದಿದ್ದರೆ, ನಲ್ಲಿ ಬಾಯಿಯಲ್ಲಿ ಮತ್ತು ಶವರಿನ ತೂತುಗಳಲ್ಲಿ ಬಿಳಿ ಗಟ್ಟಿ ಪದರ ಕಂಡರೆ, ನೀರು ಕಾಯಿಸಿದ ಪಾತ್ರೆಯ ತಳ ಬೆಳ್ಳಗಾಗಿದ್ದರೆ ನೀರು ಗಡಸು, ಅಂದರೆ ಈ ಉಪ್ಪು ಕಟ್ಟಿಸುವ ಸುಣ್ಣದ ಅಂಶ ಅದರಲ್ಲಿ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನದವರೆಗೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗಳಿಗೆ ಈ ಕಾಟ ಕಡಿಮೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿದ ಬಡಾವಣೆಗಳಲ್ಲಿ, ಕೋಲಾರ, ತುಮಕೂರು, ವಿಜಯಪುರದಂಥ ಬಯಲುಸೀಮೆಯಲ್ಲಿ ಬಹಳ ಜಾಸ್ತಿ. ಮಲೆನಾಡಿನವರು, ಬಾವಿ ನೀರು ಬಳಸುವ ಕರಾವಳಿಯವರು ಸಾಮಾನ್ಯವಾಗಿ ನಿಶ್ಚಿಂತೆಯಿಂದ ಇರಬಹುದು.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು?

ಮೆದು ನೀರಾದರೆ ಎರಡು ವರ್ಷಕ್ಕೊಮ್ಮೆ ಸಾಕು. ಬೋರ್‌ವೆಲ್ ನೀರಾದರೆ ವರ್ಷಕ್ಕೊಮ್ಮೆ ಮಾಡಿಸಲೇಬೇಕು. ನಲ್ಲಿ ಬಾಯಿ ತಿಂಗಳೊಳಗೆ ಬೆಳ್ಳಗಾಗುವಷ್ಟು ಗಡಸಾದರೆ ಆರು ತಿಂಗಳಿಗೊಮ್ಮೆ. ಗ್ಯಾಸ್ ಗೀಸರಿಗೆ ನೀರು ಎಂಥದ್ದೇ ಇರಲಿ, ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಅಲ್ಲಿ ದುಡ್ಡಿಗಿಂತ ಜೀವದ ಪ್ರಶ್ನೆ ಇದೆ.

ಸರ್ವಿಸ್ ಅಂದರೆ ಏನೇನು ಆಗಬೇಕು? ಮೇಲ್ಮೇಲೆ ಒರೆಸಿ ಹೋದರೆ ಗೊತ್ತಾಗುವುದು ಹೇಗೆ?

ಗೀಸರ್ ಸರ್ವಿಸ್ ಎಂದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ನೀರು ಪೂರ್ತಿ ಖಾಲಿ ಮಾಡಿ, ತಳದ ಫ್ಲ್ಯಾಂಜ್ (ಕಾಯಿಲ್ ಕೂರಿಸಿದ ತಟ್ಟೆ) ಬಿಚ್ಚಿ ಕಾಯಿಲ್ ಹೊರಗೆ ತೆಗೆಯಬೇಕು. ಕಾಯಿಲ್ ಹೊರಗೆ ಬರದಿದ್ದರೆ ಅದು ಸರ್ವಿಸ್ಸೇ ಅಲ್ಲ. ಕಾಯಿಲ್ ಮತ್ತು ಥರ್ಮೋಸ್ಟಾಟ್ ಕೊಳವೆಯ ಪದರ ತೆಗೆಯುವುದು, ಟ್ಯಾಂಕ್ ತಳದ ಚೂರುಗಳನ್ನು ತೊಳೆದು ಹಾಕುವುದು, ಹಳೆ ಗ್ಯಾಸ್ಕೆಟ್ ಬದಲಿಸುವುದು, ವೈರಿನ ತುದಿಗಳು ಸಡಿಲವಾಗಿದ್ದರೆ ಬಿಗಿ ಮಾಡುವುದು, ಅರ್ತಿಂಗ್ ನೋಡುವುದು, ಸೇಫ್ಟಿ ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ಎತ್ತಿ ನೋಡುವುದು ಇವೆಲ್ಲ ಆಗಬೇಕು.

ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಭಾಗವಿದೆ: ಆನೋಡ್ ರಾಡ್. ಕಾಯಿಲ್ ಪಕ್ಕದಲ್ಲೇ ಇರುವ ಮೆಗ್ನೀಷಿಯಂ ಕಡ್ಡಿ ಇದು. ತುಕ್ಕು ಹಿಡಿಸುವ ನೀರು ಟ್ಯಾಂಕಿನ ಕಬ್ಬಿಣವನ್ನು ಬಿಟ್ಟು ಮೊದಲು ಈ ಕಡ್ಡಿಯನ್ನು ತಿನ್ನುತ್ತದೆ. ಟ್ಯಾಂಕಿಗಾಗಿ ತಾನು ಸವೆಯುವುದೇ ಅದರ ಕೆಲಸ. ಸವೆದು ತಂತಿಯಷ್ಟಾದ ಮೇಲೆ ನೀರು ಟ್ಯಾಂಕಿಗೇ ಬಾಯಿ ಹಾಕುತ್ತದೆ. ಕಾಯಿಲ್ ಸುಟ್ಟರೆ ಬದಲಿಸಬಹುದು, ಥರ್ಮೋಸ್ಟಾಟ್ ಹೋದರೆ ಹೊಸದು ಹಾಕಬಹುದು. ಟ್ಯಾಂಕ್ ತೂತಾದರೆ ಹೊಸ ಗೀಸರೇ ಗತಿ. ಹಾಗಾಗಿ ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ನಿಂತು, ‘ಆನೋಡ್ ರಾಡ್ ತೋರಿಸಿ’ ಎಂದು ಕೇಳಿ. ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಆಗಲೇ ಬದಲಿಸಿ. ಒಂದು ಸಣ್ಣ ಕಡ್ಡಿಗೆ ಆಗುವ ಖರ್ಚೆಲ್ಲಿ, ಇಡೀ ಗೀಸರಿನ ಬೆಲೆಯೆಲ್ಲಿ?

ಇದನ್ನು ನಾವೇ ಮನೆಯಲ್ಲಿ ಮಾಡಿಕೊಳ್ಳಬಹುದೇ?

ಕರೆಂಟ್ ಕೆಲಸ ಗೊತ್ತಿಲ್ಲದವರು ಫ್ಲ್ಯಾಂಜ್ ಬಿಚ್ಚಬೇಡಿ. ಶವರ್ ತಲೆ, ನಲ್ಲಿ ಜಾಲರಿ ಇವನ್ನು ಮಾತ್ರ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಕಲಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ತಿಕ್ಕಿ ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್ ಅನ್ನು ಗೀಸರ್ ಟ್ಯಾಂಕಿಗಾಗಲಿ, ಸೋಲಾರ್ ಟ್ಯಾಂಕಿಗಾಗಲಿ ಹಾಕಲು ಬಿಡಬೇಡಿ. ಕೆಲವರು ಕೆಲಸ ಬೇಗ ಮುಗಿಯಲಿ ಎಂದು ಅದನ್ನೇ ಸುರಿಯುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಸಿಡ್. ಸ್ಟೀಲ್ ಟ್ಯಾಂಕಿನಲ್ಲಿ ಸೂಜಿ ಮೊನೆಯಂಥ ತೂತುಗಳನ್ನು ಕೊರೆದುಬಿಡುತ್ತದೆ.

ಗೀಸರಿನ ತಿರುಗಣೆ ಯಾವ ಡಿಗ್ರಿಗೆ ಇಡಬೇಕು?

55ರಿಂದ 60 ಡಿಗ್ರಿ. ಸ್ನಾನಕ್ಕೆ 40 ಸಾಕಲ್ಲ ಎನ್ನಬಹುದು. ಆದರೆ 20ರಿಂದ 45 ಡಿಗ್ರಿ ನಡುವಿನ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರಿನ ಸಣ್ಣ ಹನಿಗಳ ಜೊತೆ ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರಬಹುದು. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಇನ್ನೊಂದು ಕಡೆ 70, 75ಕ್ಕೆ ಇಟ್ಟರೆ ಸುಣ್ಣ ಬೇಗ ಕಟ್ಟುತ್ತದೆ, ಟ್ಯಾಂಕಿನಿಂದ ಬಿಸಿ ಹೆಚ್ಚು ಸೋರುತ್ತದೆ, ಮಕ್ಕಳ ಮೈ ಸುಡುವ ಅಪಾಯವೂ ಇದೆ. ತಿರುಗಣೆ ಗೀಸರಿನ ಒಳಗಡೆ ಇದ್ದರೆ ಸರ್ವಿಸ್‌ಗೆ ಬಂದವರಿಂದಲೇ ಹೊಂದಿಸಿಕೊಳ್ಳಿ.

ದಿನವಿಡೀ ಆನ್ ಇಟ್ಟರೆ ಉಳಿತಾಯವೋ, ಬೇಕಾದಾಗ ಹಾಕಿದರೆ ಉಳಿತಾಯವೋ?

ಬೇಕಾದಾಗ ಹಾಕಿದರೇ ಉಳಿತಾಯ. ಇದರಲ್ಲಿ ಅನುಮಾನವೇ ಬೇಡ. ಆನ್ ಇದ್ದಷ್ಟು ಹೊತ್ತೂ ಗೀಸರ್ ತಾನು ಕಳೆದುಕೊಂಡ ಬಿಸಿಯನ್ನು ಮತ್ತೆ ಮತ್ತೆ ತುಂಬಿಕೊಳ್ಳುತ್ತದೆ. ಹೀಗೆ ಸುಮ್ನೆ ನಿಂತು ಕಳೆದುಕೊಳ್ಳುವ ಬಿಸಿ ಎಷ್ಟು ಎಂಬುದನ್ನು ನೋಡಿಯೇ ಗೀಸರಿಗೆ ಸ್ಟಾರ್ ಕೊಡುತ್ತಾರೆ. ಸ್ಟಾರ್ ಕಡಿಮೆ ಇದ್ದಷ್ಟೂ, ಗೀಸರ್ ಹಳೆಯದಾದಷ್ಟೂ ನಷ್ಟ ಜಾಸ್ತಿ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಲೈಟ್ ಆರಿದ ಮೇಲೆ ಸ್ವಿಚ್ ತೆಗೆಯಿರಿ. ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರಂತೆ ಸ್ನಾನ ಮುಗಿಸಿದರೆ ಇನ್ನೂ ಒಳ್ಳೆಯದು. ಮರೆಯುವವರ ಮನೆಯಲ್ಲಿ ಟೈಮರ್ ಇರುವ 16 ಆಂಪ್ ಸ್ವಿಚ್ ಹಾಕಿಸುವುದು ದುಡ್ಡಿಗೆ ತಕ್ಕ ಕೆಲಸ.

ಗೀಸರ್ ಸರಿಯಾಗಿದೆಯೇ ಎಂದು ಮೆಕ್ಯಾನಿಕ್ ಇಲ್ಲದೆ ಪರೀಕ್ಷೆ ಮಾಡಬಹುದೇ?

ಮಾಡಬಹುದು. ಬೆಳಗ್ಗೆ ಗೀಸರ್ ತಣ್ಣಗಿರುವಾಗ ಮನೆಯ ಉಳಿದ ಸ್ವಿಚ್‌ಗಳನ್ನೆಲ್ಲ ಆರಿಸಿ, ಮೀಟರಿನ ಅಂಕಿಯನ್ನು ಪಾಯಿಂಟ್ ಸಮೇತ ಬರೆದುಕೊಳ್ಳಿ. ಗೀಸರ್ ಹಾಕಿ. ಲೈಟ್ ತಾನಾಗಿ ಆರುವವರೆಗೆ ನೀರು ಬಿಡಬೇಡಿ. ಆಮೇಲೆ ಮತ್ತೆ ಮೀಟರ್ ನೋಡಿ. 25 ಲೀಟರಿನ ಗೀಸರ್, 22 ಡಿಗ್ರಿ ನೀರು, 60ಕ್ಕೆ ಇಟ್ಟ ತಿರುಗಣೆ ಎಂದರೆ ಸುಮಾರು 1.1 ಯೂನಿಟ್ ತೋರಿಸಬೇಕು. 2 ಕಿಲೋವ್ಯಾಟ್ ಗೀಸರಾದರೆ 33 ನಿಮಿಷ ಹಿಡಿಯಬೇಕು. 15 ಲೀಟರಿನದಾದರೆ 0.66 ಯೂನಿಟ್, 20 ನಿಮಿಷ.

ಹತ್ತೇ ನಿಮಿಷಕ್ಕೆ ಲೈಟ್ ಆರಿ ನೀರು ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ ಅಥವಾ ಅದರ ಮೇಲಿನ ಉಪ್ಪಿನ ಸಮಸ್ಯೆ. ಎರಡು ಯೂನಿಟ್ ಹೋದರೂ ಲೈಟ್ ಆರದೆ ನೀರು ಕುದಿಯುವಂತೆ ಬಂದರೆ ಥರ್ಮೋಸ್ಟಾಟ್ ಕೆಟ್ಟಿದೆ. ಇದು ಅಪಾಯ, ತಕ್ಷಣ ಆಫ್ ಮಾಡಿ ಮೆಕ್ಯಾನಿಕ್ ಕರೆಸಿ. ಯೂನಿಟ್ ಸರಿಯಾಗಿದ್ದು ಹೊತ್ತು ಮಾತ್ರ ಜಾಸ್ತಿ ಹಿಡಿದರೆ ನಿಮ್ಮಲ್ಲಿ ವೋಲ್ಟೇಜ್ ಕಡಿಮೆ ಇರಬಹುದು. 230 ಇರಬೇಕಾದ ಕಡೆ 200 ಬಂದರೆ ಗೀಸರಿನ ಬಲ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಅದಕ್ಕೆ ಗೀಸರ್ ಬಿಚ್ಚಿ ಪ್ರಯೋಜನವಿಲ್ಲ. ಪ್ಲಗ್ ಬಿಸಿಯಾಗುವುದು, ಕಪ್ಪಾಗುವುದು ಕಂಡರೆ ಸಾಕೆಟ್ ಸಡಿಲವಾಗಿದೆ ಎಂದರ್ಥ. ಅದನ್ನು ನಾಳೆಗೆ ಬಿಡಬೇಡಿ.

ಈ ಪರೀಕ್ಷೆಯನ್ನು ಸರ್ವಿಸ್ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಮಾಡಿ. ಕೆಲಸ ಹೇಗಾಗಿದೆ ಎಂಬುದನ್ನು ಮೀಟರೇ ಹೇಳುತ್ತದೆ.

ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತದೆ. ಮುಚ್ಚಿಬಿಡಬಹುದೇ?

ಯಾವತ್ತೂ ಮುಚ್ಚಬೇಡಿ. ನೀರು ಕಾಯುವಾಗ ಹಿಗ್ಗುತ್ತದೆ, ಆ ಒತ್ತಡ ಹೊರಗೆ ಹೋಗಲು ಇರುವ ದಾರಿಯೇ ಅದು. ಕಾಯುವ ಹೊತ್ತಿನಲ್ಲಿ ನಾಲ್ಕು ಹನಿ ಬಿದ್ದರೆ ಸಹಜ. ಗೀಸರ್ ಆಫ್ ಇದ್ದಾಗಲೂ ಸೋರುತ್ತಿದ್ದರೆ ವಾಲ್ವ್ ಬದಲಿಸಿ. ಬಿಸಿನೀರಿನ ನಲ್ಲಿಯಿಂದ ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗಿಂತ ಜಾಸ್ತಿ ಬಿಸಿನೀರು ಹೋಗುತ್ತದೆ. ಗೀಸರ್ ಸದಾ ಆನ್ ಇರುವ ಮನೆಯಲ್ಲಿ ಇದು ತಿಂಗಳಿಗೆ ಐದಾರು ಯೂನಿಟ್. ಒಂದು ವಾಷರ್ ಬದಲಿಸಿದರೆ ನಿಲ್ಲುವ ನಷ್ಟ ಇದು.

ಮಹಡಿ ಮೇಲೆ ಸೋಲಾರ್ ಇದೆ. ಆದರೂ ಬಿಲ್ ಇಳಿದಿಲ್ಲ. ಯಾಕೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ನಿರ್ವಹಣೆ ಇಲ್ಲದೆ ಅತಿ ಹೆಚ್ಚು ದುಡ್ಡು ಹೋಗುವುದು ಇಲ್ಲೇ. ಬೆಂಗಳೂರಿನಲ್ಲಿ 2007ರಿಂದ ಹೊಸದಾಗಿ ಕಟ್ಟುವ ಎಷ್ಟೋ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಯಿತು. ಹಾಗೆ ಹಾಕಿಸಿದ ಮೇಲೆ ಮತ್ತೆ ಮಹಡಿ ಹತ್ತಿ ನೋಡದವರು ಬಹಳ ಜನ.

ಮೊದಲು ನೋಡಬೇಕಾದದ್ದು ಬ್ಯಾಕಪ್ ಕಾಯಿಲ್. ಮೋಡದ ದಿನಕ್ಕೆಂದು ಸೋಲಾರ್ ಟ್ಯಾಂಕಿನೊಳಗೆ 2 ಕಿಲೋವ್ಯಾಟಿನ ಕಾಯಿಲ್ ಇಟ್ಟಿರುತ್ತಾರೆ. 200 ಲೀಟರ್ ಟ್ಯಾಂಕನ್ನು ಕರೆಂಟಿನಿಂದ 35 ಡಿಗ್ರಿ ಏರಿಸಲು 8 ಯೂನಿಟ್ ಬೇಕು. ಯೂನಿಟ್‌ಗೆ ಆರೂವರೆ ರೂಪಾಯಿ ಎಂದರೂ ಒಂದು ದಿನಕ್ಕೆ 50 ರೂಪಾಯಿ ಮೀರಿತು. ಮಳೆಗಾಲದಲ್ಲಿ ಹಾಕಿದ ಸ್ವಿಚ್ ತೆಗೆಯಲು ಮರೆತರೆ ಥರ್ಮೋಸ್ಟಾಟ್ ರಾತ್ರಿಯಿಡೀ ಟ್ಯಾಂಕ್ ಕಾಯಿಸಿಡುತ್ತದೆ. ಬೆಳಗ್ಗೆ ಬಿಸಿಲು ಬಂದಾಗ ಸೂರ್ಯನಿಗೆ ಕಾಯಿಸಲು ತಣ್ಣೀರೇ ಉಳಿದಿರುವುದಿಲ್ಲ. ಮೋಡದ ದಿನ ಇಬ್ಬರ ಸ್ನಾನಕ್ಕೆ ಬಿಸಿನೀರು ಬೇಕಿದ್ದರೆ ಇಡೀ ಟ್ಯಾಂಕ್ ಕಾಯಿಸುವ ಬದಲು ಬಚ್ಚಲಿನ ಸಣ್ಣ ಗೀಸರ್ ಹಾಕುವುದು ಎಷ್ಟೋ ಮೇಲು. ಬ್ಯಾಕಪ್ ಸ್ವಿಚ್ಚಿಗೆ ದೊಡ್ಡ ಕೆಂಪು ಲೈಟ್ ಇರಲಿ, ಅದು ಹಾದುಹೋಗುವಾಗ ಕಣ್ಣಿಗೆ ಬೀಳುವ ಜಾಗದಲ್ಲಿರಲಿ.

ಎರಡನೆಯದು ನೆರಳು. ನಿಮ್ಮ ದಕ್ಷಿಣಕ್ಕೆ ಹೊಸ ಮಹಡಿ ಎದ್ದಿದೆಯೇ? ಮರ ಬೆಳೆದಿದೆಯೇ? ನಿಮ್ಮದೇ ನೀರಿನ ಟ್ಯಾಂಕ್ ಜಾಗ ಬದಲಿಸಿದ್ದೀರಾ? ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ದಿಗಂತದಿಂದ 54 ಡಿಗ್ರಿಗಿಂತ ಮೇಲೆ ಬರುವುದಿಲ್ಲ. ಏಪ್ರಿಲಿನಲ್ಲಿ ಕಾಣದ ನೆರಳು ಬಿಸಿನೀರು ಹೆಚ್ಚು ಬೇಕಾದ ತಿಂಗಳಲ್ಲೇ ಪ್ಯಾನೆಲ್ ಮೇಲೆ ಬೀಳುತ್ತದೆ. ಹಾಗಾಗಿ ಚಳಿಗಾಲದಲ್ಲಿ ಒಮ್ಮೆ ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಸಂಜೆ ಮೂರಕ್ಕೆ ಮೇಲೆ ಹೋಗಿ ನೋಡಿ.

ಮೂರನೆಯದು ಬಿಸಿ, ತಣ್ಣೀರು ಕಲೆತು ಹೋಗುವುದು. ಬಚ್ಚಲಿನ ಮಿಕ್ಸರಿನ ಎರಡೂ ಕಡೆ ತೆರೆದಿಟ್ಟು, ಕೈ ಶವರಿನ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ. ಆಗ ಒತ್ತಡ ಜಾಸ್ತಿ ಇರುವ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ ಮೇಲಿನ ಟ್ಯಾಂಕಿನವರೆಗೂ ಹೋಗುತ್ತದೆ. ‘ನಿನ್ನೆ ಬಿಸಿಲು ಚೆನ್ನಾಗಿತ್ತು, ಬೆಳಗ್ಗೆ ನೀರು ಬೆಚ್ಚಗೂ ಇಲ್ಲ’ ಎನ್ನುವ ಮನೆಗಳಲ್ಲಿ ಮೊದಲು ಇದನ್ನೇ ಹುಡುಕಬೇಕು. ನಾನ್ ರಿಟರ್ನ್ ವಾಲ್ವ್ ಕೆಟ್ಟರೂ ಹೀಗೇ ಬಿಸಿನೀರು ಹಿಂದಕ್ಕೆ ಹೋಗುತ್ತದೆ. ತಣ್ಣೀರಿನ ನಲ್ಲಿಯಲ್ಲಿ ಸಂಜೆ ಹೊತ್ತು ಬಿಸಿನೀರು ಬಂದರೆ ಅದು ಗುರುತು.

ನಾಲ್ಕನೆಯದು ಪೈಪು. ಮಹಡಿಯಿಂದ ಬಚ್ಚಲಿಗೆ 20 ಮೀಟರ್ ಪೈಪ್ ಇದ್ದರೆ ಅದರೊಳಗೇ ಆರು ಲೀಟರ್ ನೀರು ನಿಂತಿರುತ್ತದೆ. ಪ್ರತಿ ಸಲ ನಲ್ಲಿ ತಿರುಗಿಸಿದಾಗ ಮೊದಲು ಆ ತಣ್ಣೀರು ಬರಬೇಕು, ಆಮೇಲೆ ಬಿಸಿನೀರು. ಪೈಪಿಗೆ ಹೊದಿಸಿದ ಕಪ್ಪು ಫೋಮ್ ಬಿಸಿಲಿಗೆ ಒಡೆದು ಉದುರಿದ್ದರೆ ಹೊಸದು ಹಾಕಿಸಿ. ಮೊದಲ ಆರು ಲೀಟರನ್ನು ಬಕೆಟ್ಟಿನಲ್ಲಿ ಹಿಡಿದು ಬಟ್ಟೆಗೋ ಗಿಡಕ್ಕೋ ಬಳಸಿ. ಕೈ ತೊಳೆಯಲೆಂದು ಸೋಲಾರ್ ನಲ್ಲಿ ತಿರುಗಿಸಬೇಡಿ. ಬಿಸಿನೀರು ಕೈಗೆ ಬರುವಷ್ಟರಲ್ಲಿ ತೊಳೆದು ಮುಗಿದಿರುತ್ತದೆ, ಟ್ಯಾಂಕಿನಿಂದ ಹೊರಟ ಬಿಸಿ ಪೈಪಿನಲ್ಲೇ ಆರುತ್ತದೆ.

ಸೋಲಾರ್ ಟ್ಯೂಬ್‌ಗಳನ್ನು ಹೇಗೆ ನೋಡಿಕೊಳ್ಳಬೇಕು?

ಧೂಳು ಒರೆಸಿ. ರಸ್ತೆ ಪಕ್ಕದ ಮನೆ, ಹತ್ತಿರ ಕಟ್ಟಡ ಕೆಲಸ ನಡೆಯುವ ಕಡೆ ತಿಂಗಳಿಗೊಮ್ಮೆ. ಬೆಳಕು ಹರಿಯುವ ಹೊತ್ತಿಗೇ ಮಾಡಬೇಕು. ಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಒಡೆಯುತ್ತದೆ. ಟ್ಯೂಬಿನ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಆ ಟ್ಯೂಬಿನ ಎರಡು ಗಾಜುಗಳ ನಡುವಿನ ನಿರ್ವಾತ ಹೋಗಿದೆ ಎಂದು ಅರ್ಥ. ನೋಡಲು ಗಟ್ಟಿಯಾಗಿಯೇ ಇರುತ್ತದೆ, ಬಿಸಿ ಹಿಡಿದಿಡುವ ಶಕ್ತಿ ಮಾತ್ರ ಹೋಗಿರುತ್ತದೆ. ಅಂಥ ಒಂದೊಂದನ್ನೇ ಬದಲಿಸಬಹುದು, ಎಲ್ಲವನ್ನೂ ಬದಲಿಸಿ ಎಂದರೆ ಒಪ್ಪಬೇಡಿ.

ಗಡಸು ನೀರಿನಲ್ಲಿ ಟ್ಯೂಬಿನ ತಳದಲ್ಲಿ ಸುಣ್ಣದ ಪುಡಿ ತುಂಬುತ್ತದೆ. ವರ್ಷಕ್ಕೊಮ್ಮೆ ತೆಗೆದು ತೊಳೆಸಿ. ತಾಮ್ರದ ಕೊಳವೆಯ ಫ್ಲ್ಯಾಟ್ ಪ್ಲೇಟ್ ಪ್ಯಾನೆಲ್ ಆದರೆ ಸುಣ್ಣ ಸಣ್ಣ ಕೊಳವೆಗಳನ್ನೇ ಕಟ್ಟಿಬಿಡುತ್ತದೆ, ಆಗ ನೀರು ತಿರುಗುವುದು ನಿಂತೇ ಹೋಗುತ್ತದೆ. ಟ್ಯಾಂಕಿನಿಂದ ಮೇಲಕ್ಕೆ ನಿಂತ ಗಾಳಿ ಪೈಪನ್ನೂ ನೋಡಿ. ಅದು ಕಟ್ಟಿಕೊಂಡರೆ ನೀರು ಇಳಿಯುವಾಗ ಒಳಗೆ ಗಾಳಿ ಬಾರದೆ ಟ್ಯಾಂಕೇ ಒಳಕ್ಕೆ ನೆಗ್ಗಿ ಹೋಗಬಹುದು.

ಗ್ಯಾಸ್ ಗೀಸರ್ ಅಗ್ಗವಲ್ವಾ? ಅದಕ್ಕೂ ನಿರ್ವಹಣೆ ಬೇಕೇ?

ಚೆನ್ನಾಗಿದ್ದಾಗ ಒಳ್ಳೆಯ ಸಾಧನವೇ. ಬೆಂಕಿಯ ಬಿಸಿಯಲ್ಲಿ ನೂರಕ್ಕೆ 80 ಪಾಲು ನೀರಿಗೆ ಸೇರುತ್ತಿದ್ದರೆ 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 340 ಬಕೆಟ್ ನೀರು ಕಾಯುತ್ತದೆ. ಒಳಗೆ ಉಪ್ಪು, ಹೊರಗೆ ಮಸಿ ಕಟ್ಟಿ ಅದು 65ಕ್ಕೆ ಇಳಿದರೆ 280 ಬಕೆಟ್‌ಗೆ ಸಿಲಿಂಡರ್ ಮುಗಿಯುತ್ತದೆ. ಜ್ವಾಲೆ ನೀಲಿ ಇರಬೇಕು. ಹಳದಿ ಜ್ವಾಲೆ ಕಂಡರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ.

ಹಾಗೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಬಾಗಿಲು, ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಜೀವ ಬಿಟ್ಟ ಸುದ್ದಿ ನಮ್ಮ ರಾಜ್ಯದಲ್ಲೂ ಮತ್ತೆ ಮತ್ತೆ ಬಂದಿದೆ. ದಯವಿಟ್ಟು ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಇಡಬೇಡಿ. ಗಾಳಿ ಚೆನ್ನಾಗಿ ಆಡುವ ಹೊರಗಿನ ಜಾಗದಲ್ಲಿಟ್ಟು, ಪೈಪಿನಲ್ಲಿ ನೀರು ಮಾತ್ರ ಒಳಗೆ ತನ್ನಿ. ಸದ್ಯಕ್ಕೆ ಒಳಗೇ ಇದ್ದರೆ ಜಾಗ ಬದಲಿಸುವವರೆಗೆ ಬಳಸುವುದು ನಿಲ್ಲಿಸಿ. ಉಳಿತಾಯದ ಮಾತೆಲ್ಲ ಇದಾದ ಮೇಲೆ.

ಊರಿನ ಮನೆಯಲ್ಲಿ ತಾಮ್ರದ ಬಾಯ್ಲರ್, ಬಚ್ಚಲೊಲೆ ಇದೆ. ಸೌದೆ ಕಡಿಮೆ ಮಾಡುವುದು ಹೇಗೆ?

ಒಣ ಸೌದೆಯೇ ಮೊದಲ ಉಪಾಯ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಬಿಸಿ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲಷ್ಟೇ ನಿಮ್ಮ ಹಂಡೆ. ಅಡಿಕೆ ಸೋಗೆ, ತೆಂಗಿನ ಗರಿ, ಕರಟ ಎಲ್ಲವೂ ಮಳೆಗಾಲಕ್ಕೆ ಮುಂಚೆ ಒಣಗಿ ಮಾಡಿನಡಿ ಸೇರಬೇಕು. ಬಾಯ್ಲರಿನ ನಡುವಿನ ಹೊಗೆ ಕೊಳವೆಯ ಒಳಮೈಗೆ ಅಂಟಿದ ಮಸಿಯನ್ನು ತಿಂಗಳಿಗೊಮ್ಮೆ ಉದ್ದನೆಯ ಬ್ರಷ್ಷಿನಿಂದ ಉಜ್ಜಿ. ಹುಣಸೆಹಣ್ಣು ಹಾಕಿ ಹೊರಮೈ ಫಳಫಳ ಮಾಡುವುದು ಚಂದಕ್ಕೆ. ಸೌದೆ ಉಳಿಯುವುದು ಈ ಮಸಿ ತೆಗೆದರೆ. ಬೂದಿ ಜರಡಿ ಕಟ್ಟಿಕೊಳ್ಳದಂತೆ ದಿನಾ ಕೆರೆದು ತೆಗೆಯಿರಿ, ಗಾಳಿ ಕೆಳಗಿನಿಂದ ಬರಬೇಕು. ಹಂಡೆಗೆ ಮುಚ್ಚಳ ಇರಲಿ.

ಹೊಸದಾಗಿ ಒಲೆ ಕಟ್ಟಿಸುವವರು ಅಸ್ತ್ರ ಒಲೆಯ ತತ್ವ ತಿಳಿದ ಗಾರೆಯವರನ್ನು ಹುಡುಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಶುರುವಾದ ಅಸ್ತ್ರ ಎಂಬ ವಿಭಾಗ ರೂಪಿಸಿದ ಒಲೆ ಅದು. ಬೆಂಕಿ ಸುತ್ತ ಮುಚ್ಚಿದ ಗೂಡು, ಕೆಳಗೆ ಜರಡಿ, ಹೊಗೆಗೆ ಚಿಮಣಿ. ಬಿಸಿ ಆಚೀಚೆ ಹೋಗದೆ ಪಾತ್ರೆಗೇ ತಾಗುತ್ತದೆ, ಹೊಗೆ ಮನೆಯೊಳಗೆ ನಿಲ್ಲುವುದಿಲ್ಲ.

ವಾರ್ಷಿಕ ನಿರ್ವಹಣೆ ಒಪ್ಪಂದ ಮಾಡಿಕೊಳ್ಳುವುದು ಲಾಭವೇ?

ಕಾವೇರಿ ನೀರಿನ ಮನೆಯ ಒಂದು ಗೀಸರಿಗೆ ಬೇಡ. ಗಡಸು ನೀರು, ಎರಡು ಮೂರು ಗೀಸರ್, ಜೊತೆಗೆ ಸೋಲಾರ್ ಇದ್ದರೆ ಯೋಚಿಸಬಹುದು. ಸಹಿ ಹಾಕುವ ಮುಂಚೆ ವರ್ಷಕ್ಕೆ ಎಷ್ಟು ಸಲ ಬಿಚ್ಚಿ ತೊಳೆಯುತ್ತಾರೆ, ಕಾಯಿಲ್, ಆನೋಡ್, ಗ್ಯಾಸ್ಕೆಟ್ ಸೇರಿದೆಯೇ ಎಂದು ಕಾಗದದಲ್ಲೇ ಬರೆಸಿಕೊಳ್ಳಿ. ಭಾಗ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ.

ಗೀಸರ್ ಹಳೆಯದಾಗಿದೆ. ರಿಪೇರಿಯೋ, ಹೊಸದೋ?

ಕಾಯಿಲ್, ಥರ್ಮೋಸ್ಟಾಟ್, ವಾಲ್ವ್ ಹೋಗಿದ್ದರೆ ರಿಪೇರಿ. ಟ್ಯಾಂಕ್ ಸೋರುತ್ತಿದ್ದರೆ, ನೀರು ತುಕ್ಕು ಬಣ್ಣಕ್ಕೆ ಬರುತ್ತಿದ್ದರೆ, ಹೊರಮೈ ಮುಟ್ಟಿದಾಗ ಬೆಚ್ಚಗಿದ್ದರೆ ಹೊಸದು ನೋಡಿ. ಮೈ ಬೆಚ್ಚಗಿದೆ ಎಂದರೆ ಒಳಗಿನ ಫೋಮ್ ಕೆಲಸ ಮಾಡುತ್ತಿಲ್ಲ. ಕೊಳ್ಳುವಾಗ ಸ್ಟಾರ್ ಪಟ್ಟಿಯಲ್ಲಿ ಯಾವ ವರ್ಷದ್ದು ಎಂದೂ ನೋಡಿ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ ಐದು ಸ್ಟಾರ್, ಹೊಸ ಐದು ಸ್ಟಾರ್ ಒಂದೇ ಅಲ್ಲ. ಬೇಕಾದ್ದಕ್ಕಿಂತ ದೊಡ್ಡದು ಕೊಳ್ಳಬೇಡಿ. ಬಕೆಟ್ ಸ್ನಾನದ ಮನೆಗೆ 15 ಲೀಟರ್ ಸಾಕು.

ನಾವು ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲಿನ ಗ್ಯಾಸ್ ಬಾಯ್ಲರಿಗೆ ಏನು ಮಾಡಬೇಕು?

ಅಲ್ಲಿ ಬಾಯ್ಲರ್ ಮನೆಯನ್ನೂ ಕಾಯಿಸುತ್ತದೆ, ಆದ್ದರಿಂದ ಉಳಿತಾಯವೂ ದೊಡ್ಡದು. ಈಗಿನ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯೊಳಗಿನ ಆವಿಯ ಬಿಸಿಯನ್ನೂ ಹೀರಿಕೊಳ್ಳುವಂತೆ ಮಾಡಿದ್ದು. ಆದರೆ ರೇಡಿಯೇಟರಿನಿಂದ ತಿರುಗಿ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅದು ಸಾಧ್ಯ. ಎಷ್ಟೋ ಮನೆಗಳಲ್ಲಿ ರೇಡಿಯೇಟರಿಗೆ ಹೋಗುವ ನೀರನ್ನು 70, 80ಕ್ಕೆ ಇಟ್ಟು ಹೋಗಿರುತ್ತಾರೆ. ನಿಮ್ಮದು ಕಾಂಬಿ ಬಾಯ್ಲರ್ (ಬೇರೆ ಬಿಸಿನೀರಿನ ಟ್ಯಾಂಕ್ ಇಲ್ಲದ್ದು) ಆದರೆ ಅದನ್ನು 60ಕ್ಕೆ ಇಳಿಸಿ, ಮನೆ ಬೆಚ್ಚಗಾಗುತ್ತದೆಯೇ ನೋಡಿ. ಬಿಸಿನೀರಿನ ಸಿಲಿಂಡರ್ ಬೇರೆ ಇದ್ದರೆ ಅದನ್ನು 60ಕ್ಕಿಂತ ಇಳಿಸಬೇಡಿ. ಗೇಜಿನಲ್ಲಿ ತಣ್ಣಗಿದ್ದಾಗ ಒತ್ತಡ 1ರಿಂದ 1.5 ಬಾರ್ ಇರಲಿ. ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದರೆ ಕೀಲಿ ತಿರುಗಿಸಿ ಗಾಳಿ ಬಿಡಿ. ಬಾಯ್ಲರ್ ಬಿಚ್ಚುವ ಕೆಲಸ ಮಾತ್ರ ಗ್ಯಾಸ್ ಸೇಫ್ (ಅಲ್ಲಿನ ಗ್ಯಾಸ್ ಮೆಕ್ಯಾನಿಕ್‌ಗಳ ಅಧಿಕೃತ ಪಟ್ಟಿ) ನೋಂದಣಿ ಇರುವವರೇ ಮಾಡಬೇಕು, ವರ್ಷಕ್ಕೊಮ್ಮೆ ಮಾಡಿಸಿ. ಬಾಡಿಗೆ ಮನೆಯಾದರೆ ಪ್ರತಿ ವರ್ಷ ಗ್ಯಾಸ್ ಸುರಕ್ಷತಾ ತಪಾಸಣೆ ಮಾಡಿಸುವುದು ಅಲ್ಲಿನ ಕಾನೂನಿನಂತೆ ಮಾಲೀಕರ ಹೊಣೆ.

ಇಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗೀಸರ್ ಓನರದ್ದು. ಸರ್ವಿಸ್ ಖರ್ಚು ಯಾರದು?

ಕರಾರಿನಲ್ಲಿ ಬರೆದಂತೆ. ಬರೆಯದಿದ್ದರೆ ಸೇರುವ ಮುಂಚೆಯೇ ಮಾತಾಡಿಕೊಳ್ಳಿ. ಕಾಯಿಲ್, ಟ್ಯಾಂಕ್, ಸೋಲಾರ್ ಟ್ಯೂಬ್ ಮಾಲೀಕರದು, ವರ್ಷದ ತೊಳೆಯುವಿಕೆ ಬಾಡಿಗೆಯವರದು ಎಂಬ ಹಂಚಿಕೆ ಇಬ್ಬರಿಗೂ ನ್ಯಾಯ ಎಂಬುದು ನನ್ನ ಅಭಿಪ್ರಾಯ. ಮನೆಗೆ ಬಂದ ಮೊದಲ ವಾರವೇ ಮೀಟರ್ ಪರೀಕ್ಷೆ ಮಾಡಿ, ಪ್ಲಗ್, ವಾಲ್ವ್, ಮಹಡಿಯ ಟ್ಯೂಬ್‌ಗಳ ಫೋಟೋ ತೆಗೆದು ಓನರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಗ್ಯಾಸ್ ಗೀಸರ್ ಬಚ್ಚಲೊಳಗೆ ಇರುವ ಮನೆಯಾದರೆ ಅದನ್ನು ಹೊರಗೆ ಹಾಕಿಸಿಕೊಟ್ಟ ಮೇಲೆಯೇ ಅಡ್ವಾನ್ಸ್ ಕೊಡಿ.